ಎಳೆಯುವ ಬಲ, ಹೊರುವ ಬೆನ್ನು

ಫಿಫ್ತ್ ವೀಲ್ ಟ್ರೈಲರ್ ತನ್ನ ಮೂತಿಯನ್ನು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಊರಿಕೊಂಡು ಸಾಗುವ ಚಕ್ರದ ಮನೆ. ಅಮೆರಿಕ ಮತ್ತು ಕೆನಡಾಗಳಲ್ಲಿ ನಿವೃತ್ತ ದಂಪತಿಗಳು, ಕೆಲಸ ಇದ್ದಲ್ಲಿಗೆ ಹೋಗುವ ಪೈಪ್‌ಲೈನ್ ವೆಲ್ಡರುಗಳು, ಒಂದೊಂದು ಆಸ್ಪತ್ರೆಯಲ್ಲಿ ಕೆಲವು ತಿಂಗಳು ದುಡಿದು ಮುಂದಿನ ಊರಿಗೆ ಹೊರಡುವ ನರ್ಸುಗಳು ವರ್ಷಗಟ್ಟಲೆ ಇದರಲ್ಲೇ ಸಂಸಾರ ಹೂಡುತ್ತಾರೆ. ಉದ್ದ 9ರಿಂದ 13 ಮೀಟರ್. ಟ್ರಕ್ಕಿನ ಬೆಡ್ಡಿನ, ಅಂದರೆ ಹಿಂದಿನ ತೆರೆದ ಸರಕು ತೊಟ್ಟಿಯ, ಮೇಲೆ ಚಾಚಿಕೊಳ್ಳುವ ಅಟ್ಟದಂಥ ಭಾಗದಲ್ಲಿ ಸಾಮಾನ್ಯವಾಗಿ ಮಲಗುವ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಕೂರುವ ಜಾಗ. ಸಾಮಾನು, ನೀರು ತುಂಬಿದಾಗ ಇದರ ತೂಕ 4ರಿಂದ 8 ಟನ್.

ಜೋಡಣೆ ಸರಳ. ಟ್ರೈಲರಿನ ಮುಂಭಾಗದ ಅಡಿಯಿಂದ 2 ಅಂಗುಲ ದಪ್ಪದ ಉಕ್ಕಿನ ಗೂಟವೊಂದು ಕೆಳಮುಖವಾಗಿ ನಿಂತಿರುತ್ತದೆ. ಇದು ಕಿಂಗ್‌ಪಿನ್. ಟ್ರಕ್ಕಿನ ಬೆಡ್ಡಿನಲ್ಲಿ, ಹಿಂದಿನ ಆಕ್ಸಲ್ಲಿನ ನೆತ್ತಿಗೆ ಸರಿಯಾಗಿ, ಗ್ರೀಸು ಬಳಿದ ಉಕ್ಕಿನ ತಟ್ಟೆ, ಅಂದರೆ ಹಿಚ್, ಕೂತಿರುತ್ತದೆ. ಗೂಟ ತಟ್ಟೆಯ ಸೀಳಿನೊಳಗೆ ಜಾರಿ ಹೋದೊಡನೆ ದವಡೆ ಮುಚ್ಚಿಕೊಳ್ಳುತ್ತದೆ. ಬಂದರುಗಳಿಂದ ಕಂಟೇನರ್ ಹೊತ್ತು ಬರುವ ಭಾರಿ ಲಾರಿಗಳಲ್ಲಿ ಇರುವುದೂ ಇದೇ ವ್ಯವಸ್ಥೆ. ಕುದುರೆ ಬಂಡಿಗಳ ಕಾಲದಲ್ಲಿ ಮುಂದಿನ ಅಚ್ಚು ಎಡಬಲ ಹೊರಳಲು ಅದರ ಮೇಲೆ ಮಲಗಿಸಿದ್ದ ಚಕ್ರಾಕಾರದ ಬಳೆಯಿಂದ ಫಿಫ್ತ್ ವೀಲ್, ಅಂದರೆ ಐದನೇ ಚಕ್ರ, ಎಂಬ ಹೆಸರು ಬಂತು. ಈ ಜೋಡಣೆಯನ್ನು ವಾಸದ ಗಾಡಿಗೆ ತಂದವರಲ್ಲಿ ವಿಮಾನ ತಯಾರಿಕೆಯ ಪ್ರವರ್ತಕ ಗ್ಲೆನ್ ಕರ್ಟಿಸ್ ಮುಖ್ಯರು. 1920ರ ದಶಕದ ಕೊನೆಗೆ ಬಂದ ಅವರ ಏರೋಕಾರ್ ಟ್ರೈಲರ್, ಕಾರಿನ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿಸಿದ ವಿಮಾನದ ಟೈರಿನ ಮೂಲಕ ಎಳೆಯುವ ಕಾರಿಗೆ ಕೂಡಿಕೊಳ್ಳುತ್ತಿತ್ತು.

ಭಾರ ಆಕ್ಸಲ್ಲಿನ ನೆತ್ತಿಯ ಮೇಲೆ ಬೀಳುವುದರಲ್ಲೇ ಈ ವಿನ್ಯಾಸದ ಸತ್ವವಿದೆ. ಸಾಧಾರಣ ಟ್ರೈಲರನ್ನು ಟ್ರಕ್ಕಿನ ಬಂಪರಿನ ಕೆಳಗಿನ ಉಕ್ಕಿನ ಚೆಂಡಿಗೆ ಸಿಕ್ಕಿಸುತ್ತಾರೆ. ಅದು ಹಿಂದಿನ ಆಕ್ಸಲ್ಲಿಗಿಂತ ಸುಮಾರು ಒಂದೂವರೆ ಮೀಟರ್ ಹಿಂದೆ ಇರುತ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 4 ಮೀಟರ್ ಎಂದುಕೊಂಡರೆ, ಅಲ್ಲಿ ಕೂತ 500 ಕಿಲೋ ಭಾರ ಸನ್ನೆಗೋಲಿನಂತೆ ಕೆಲಸ ಮಾಡಿ ಹಿಂದಿನ ಆಕ್ಸಲ್ಲಿಗೆ 687 ಕಿಲೋ ಸೇರಿಸುತ್ತದೆ, ಮುಂದಿನ ಆಕ್ಸಲ್ಲಿನಿಂದ 187 ಕಿಲೋ ಕಸಿಯುತ್ತದೆ. ಮಂಡ್ಯದ ರಸ್ತೆಗಳಲ್ಲಿ ಅಳತೆ ಮೀರಿ ಕಬ್ಬು ಹೇರಿದ ಟ್ರ್ಯಾಕ್ಟರು ಏರಿನಲ್ಲಿ ಮುಂಗಾಲಿ ಎತ್ತಿಬಿಡುವುದರ ಹಿಂದೆಯೂ ಇಂಥದೇ ಸನ್ನೆಯ ಲೆಕ್ಕವಿದೆ. ಮುಂದಿನ ಚಕ್ರ ಹಗುರಾದಷ್ಟೂ ಸ್ಟೀರಿಂಗಿನ ಹಿಡಿತ, ಬ್ರೇಕಿನ ಹಿಡಿತ ಎರಡೂ ಕುಗ್ಗುತ್ತವೆ. ಕಿಂಗ್‌ಪಿನ್ ಆಕ್ಸಲ್ಲಿನ ಮೇಲೆಯೇ, ಅಥವಾ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಮುಂದೆ ಕೂತಾಗ ಆ ಸನ್ನೆಯೇ ಇಲ್ಲವಾಗುತ್ತದೆ.

ಟ್ರೈಲರ್ ಎಡಬಲ ತೂಗಾಡುವ ಅಪಾಯ ತಗ್ಗುವುದೂ ಇದೇ ಕಾರಣಕ್ಕೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗಾಳಿಯ ಹೊಡೆತ ಟ್ರೈಲರನ್ನು ಅಡ್ಡಕ್ಕೆ ನೂಕುತ್ತದೆ. ಬಂಪರಿಗೆ ಕಟ್ಟಿದ ಟ್ರೈಲರ್ ಆ ನೂಕನ್ನು ಟ್ರಕ್ಕಿನ ಬಾಲಕ್ಕೆ ದಾಟಿಸಿ, ಟ್ರಕ್ಕಿನ ಮೂತಿಯನ್ನೇ ತಿರುಗಿಸಲು ನೋಡುತ್ತದೆ. ಆಕ್ಸಲ್ಲಿನ ನೆತ್ತಿಯಲ್ಲಿ ಕೂಡಿಕೊಂಡ ಟ್ರೈಲರಿಗೆ ಟ್ರಕ್ಕನ್ನು ತಿರುಗಿಸಲು ಬೇಕಾದ ತೋಳೇ ಸಿಗುವುದಿಲ್ಲ. ಹಿಂದಿನ ಟೈರುಗಳು ಆ ಬಲವನ್ನು ನೇರವಾಗಿ ನೆಲಕ್ಕೆ ಇಳಿಸುತ್ತವೆ.

ಈ ಸ್ಥಿರತೆಗೆ ತೆರಬೇಕಾದ ಬೆಲೆ ಭಾರ. ಬಂಪರಿಗೆ ಕಟ್ಟುವ ಟ್ರೈಲರ್ ತನ್ನ ತೂಕದ 10ರಿಂದ 15 ಪ್ರತಿಶತವನ್ನಷ್ಟೇ ಟ್ರಕ್ಕಿನ ಮೇಲೆ ಹಾಕುತ್ತದೆ. ಫಿಫ್ತ್ ವೀಲ್ 15ರಿಂದ 25 ಪ್ರತಿಶತ ಹಾಕುತ್ತದೆ. 6 ಟನ್ ಗಾಡಿಯಾದರೆ ಒಂದು ಟನ್ನಿಗೂ ಮಿಕ್ಕಿದ ತೂಕ ಟ್ರಕ್ಕಿನ ಹಿಂದಿನ ಸ್ಪ್ರಿಂಗುಗಳ ಮೇಲೆ ನಿಲ್ಲುತ್ತದೆ. ಆದ್ದರಿಂದ ಟ್ರಕ್ಕು ಎಷ್ಟು ಎಳೆಯಬಲ್ಲದು ಎಂಬುದಕ್ಕಿಂತ ಎಷ್ಟು ಹೊರಬಲ್ಲದು ಎಂಬುದೇ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ. ಕೊಳ್ಳುವವರಲ್ಲಿ ಬಹಳ ಮಂದಿಯ ಲೆಕ್ಕ ತಪ್ಪುವುದು ಇಲ್ಲೇ, ಏಕೆಂದರೆ ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವುದು ಎಳೆಯುವ ಅಂಕಿ.

ಆ ಅಂಕಿ ಸುಳ್ಳೇನೂ ಅಲ್ಲ. ಒಂದು ಕಾಲಕ್ಕೆ ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಲ್ಲಿ ಅಳೆದು ಹೇಳುತ್ತಿದ್ದುದರಿಂದ ಹೋಲಿಕೆ ಸಾಧ್ಯವಿರಲಿಲ್ಲ. 2008ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಎಂಬ ಮಾನದಂಡವನ್ನು ಪ್ರಕಟಿಸಿತು. ಟೊಯೊಟಾ ಮೊದಲು ಅದನ್ನು ಪಾಲಿಸಿತು. ಅಮೆರಿಕದ ಮೂರು ದೊಡ್ಡ ಕಂಪನಿಗಳು 2015ರ ಮಾದರಿಗಳ ಹೊತ್ತಿಗೆ ಹಾದಿಗೆ ಬಂದವು. ಇದರ ಕಠಿಣ ಪರೀಕ್ಷೆ ನಡೆಯುವುದು ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಮರುಭೂಮಿಯ ಏರಿನಲ್ಲಿ. 38 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ, ಏಸಿಯನ್ನು ಪೂರ್ತಿ ಹಾಕಿ, 18 ಕಿಲೋಮೀಟರಿನಷ್ಟು ಉದ್ದದ ಆ ಏರನ್ನು ಟ್ರಕ್ಕು ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದ ವೇಗದಲ್ಲಿ ಹತ್ತಬೇಕು. ಹಿಂದೆ ಜೋಡಿ ಚಕ್ರ ಇರುವ ಟ್ರಕ್ಕುಗಳಿಗೆ 35 ಮೈಲಿ ಸಾಕು. 12 ಪ್ರತಿಶತ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡುವ ಪರೀಕ್ಷೆಯೂ ಇದೆ. ಇದೆಲ್ಲ ನಿಜವಾದ ಕಸರತ್ತು. ಆದರೆ ಪರೀಕ್ಷೆಯ ಟ್ರಕ್ಕಿನಲ್ಲಿ ಲೆಕ್ಕ ಹಿಡಿಯುವುದು ತಲಾ 68 ಕಿಲೋದ ಇಬ್ಬರನ್ನು ಮಾತ್ರ. ಸಂಸಾರ ಹೊರಟಾಗ ಹಿಂದಿನ ಸೀಟಿನ ಮಕ್ಕಳು, ನಾಯಿ, ಜನರೇಟರು, ಉಪಕರಣದ ಪೆಟ್ಟಿಗೆ, ಸೈಕಲ್ಲು ಎಲ್ಲ ಸೇರಿಕೊಳ್ಳುತ್ತವೆ. ಅವುಗಳ ತೂಕ ಹೋಗುವುದು ಹೊರುವ ಲೆಕ್ಕಕ್ಕೆ. ಎಳೆಯುವ ಮಿತಿ ಇನ್ನೂ ಎರಡು ಟನ್ ಉಳಿದಿರುವಾಗಲೇ ಹೊರುವ ಮಿತಿ ಮುಗಿದುಹೋಗುವುದು ಫಿಫ್ತ್ ವೀಲಿನಲ್ಲಿ ದಿನನಿತ್ಯದ ಸಂಗತಿ.

ಹೊರುವ ಮಿತಿ ತಿಳಿಯಲು ಪುಸ್ತಕ ಬೇಡ, ಚಾಲಕನ ಬಾಗಿಲು ತೆರೆದರೆ ಸಾಕು. ಒಟ್ಟು ತೂಕದ ಮಿತಿ 10,000 ಪೌಂಡ್ ಮೀರದ ಟ್ರಕ್ಕುಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಚೀಟಿಯೊಂದು ಅಂಟಿರುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಆ ಜನರಲ್ಲಿ ಚಾಲಕನೂ ಸೇರುತ್ತಾನೆ. ಅದು ಆ ಮಾದರಿಯ ಸರಾಸರಿಯಲ್ಲ, ಆ ಒಂದು ಟ್ರಕ್ಕಿನ ಅಂಕಿ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಟ್ರಕ್ಕುಗಳ ನಡುವೆ, ಒಂದಕ್ಕೆ ಗಾಜಿನ ಸೂರು, ವಿದ್ಯುತ್ ಮೆಟ್ಟಿಲು, ನಾಲ್ಕು ಚಕ್ರದ ಚಾಲನೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ನೂರಾರು ಕಿಲೋ ಅಂತರ ಇರಬಹುದು. ಇನ್ನೂ ಭಾರಿ ಟ್ರಕ್ಕುಗಳಿಗೆ ಈ ಚೀಟಿ ಕಡ್ಡಾಯವಲ್ಲ. ಅಲ್ಲಿ ಬಾಗಿಲ ಬಳಿಯ ಪ್ರಮಾಣಪತ್ರದ ಚೀಟಿಯಲ್ಲಿ ಜಿವಿಡಬ್ಲ್ಯುಆರ್ ಎಂಬ ಹೆಸರಿನಲ್ಲಿರುವ ಒಟ್ಟು ತೂಕದ ಮಿತಿಯನ್ನು ನೋಡಿ, ಖಾಲಿ ಟ್ರಕ್ಕನ್ನು ಟ್ಯಾಂಕ್ ತುಂಬಿಸಿ ತೂಗಿ ಕಳೆಯಬೇಕು.

ಲೆಕ್ಕ ಶುರುವಾಗಬೇಕಾದ್ದು ಟ್ರೈಲರಿನಿಂದ. ಮೊದಲು ಟ್ರಕ್ಕು ಕೊಂಡು ಆಮೇಲೆ ಮನೆ ಹುಡುಕುವುದು ತಿರುಗುಮುರುಗು ಕ್ರಮ. ಟ್ರೈಲರಿಗೆ ಎರಡು ತೂಕಗಳಿವೆ. ಕಾರ್ಖಾನೆಯಿಂದ ಹೊರಬಿದ್ದಾಗಿನ ಖಾಲಿ ತೂಕವನ್ನು ಮಾರುವವರು ಮುಂದೊಡ್ಡುತ್ತಾರೆ. ಆ ತೂಕದಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ. 60 ಗ್ಯಾಲನ್ ನೀರಿನ ತೊಟ್ಟಿ ತುಂಬಿದರೆ ಅದೊಂದೇ 227 ಕಿಲೋ. ಪಾತ್ರೆ, ಹಾಸಿಗೆ, ಬಟ್ಟೆ, ಬ್ಯಾಟರಿಗಳು ಬೇರೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಟ್ರೈಲರಿನ ಗರಿಷ್ಠ ಅನುಮತಿತ ತೂಕವನ್ನು.

ಗರಿಷ್ಠ ತೂಕ 14,000 ಪೌಂಡ್, ಅಂದರೆ 6,350 ಕಿಲೋ ಇರುವ ಮಧ್ಯಮ ಗಾತ್ರದ ಟ್ರೈಲರೊಂದನ್ನು ತೆಗೆದುಕೊಳ್ಳೋಣ. 20 ಪ್ರತಿಶತದಂತೆ ಕಿಂಗ್‌ಪಿನ್ನಿನ ಮೇಲಿನ ಭಾರ 1,270 ಕಿಲೋ. ಹಿಚ್ ತಟ್ಟೆ ಮತ್ತು ಅದರ ಪೀಠಕ್ಕೆ 80 ಕಿಲೋ, ದಂಪತಿಗೆ 170 ಕಿಲೋ, ಬೆಡ್ಡಿನ ಸಾಮಾನಿಗೆ 120 ಕಿಲೋ. ಒಟ್ಟು 1,640 ಕಿಲೋ. ಇಷ್ಟು ಹೊರುವ ಟ್ರಕ್ಕು ಬೇಕು.

ಅಮೆರಿಕದ ಪಿಕಪ್ಪುಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಕರೆಯುವ ಹಳೆಯ ರೂಢಿ ಇನ್ನೂ ಇದೆ. ಅವು ಹಿಂದೊಮ್ಮೆ ಹೊರುವ ಸಾಮರ್ಥ್ಯವನ್ನು ಹೇಳುತ್ತಿದ್ದವು, ಈಗ ದರ್ಜೆಯ ಹೆಸರಷ್ಟೇ. ಫೋರ್ಡಿನ ಎಫ್-150, ರ‍್ಯಾಮ್ ಮತ್ತು ಷೆವ್ರೊಲೆಯ 1500 ಅರ್ಧ ಟನ್ನಿನವು. ಎಫ್-250 ಮತ್ತು 2500 ಮುಕ್ಕಾಲು ಟನ್ನಿನವು. ಎಫ್-350 ಮತ್ತು 3500 ಒಂದು ಟನ್ನಿನವು. ಅರ್ಧ ಟನ್ನಿನ ಟ್ರಕ್ಕು ಸಾಮಾನ್ಯವಾಗಿ 700ರಿಂದ 1,000 ಕಿಲೋ ಹೊರುತ್ತದೆ. ಚಿಕ್ಕ, ಹಗುರ ಟ್ರೈಲರುಗಳಿಗೆ ಮಾತ್ರ ಅದನ್ನು ಯೋಚಿಸಬಹುದು, ಅದೂ ಚೀಟಿ ನೋಡಿದ ಮೇಲೆ.

ಮುಕ್ಕಾಲು ಟನ್ನಿನ ದರ್ಜೆ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಹಲವನ್ನು ಕಂಪನಿಗಳು 10,000 ಪೌಂಡ್, ಅಂದರೆ 4,536 ಕಿಲೋ ಒಟ್ಟು ತೂಕದ ಮಿತಿಗೇ ನಿಲ್ಲಿಸುತ್ತವೆ. ಆ ಗೆರೆ ದಾಟಿದರೆ ವಾಹನದ ಸರ್ಕಾರಿ ದರ್ಜೆ ಬದಲಾಗುತ್ತದೆ, ಹಲವು ರಾಜ್ಯಗಳಲ್ಲಿ ನೋಂದಣಿಯ ನಿಯಮವೂ ಬದಲಾಗುತ್ತದೆ. ಡೀಸೆಲ್ ಎಂಜಿನ್, ನಾಲ್ಕು ಬಾಗಿಲ ಕ್ಯಾಬ್, ನಾಲ್ಕು ಚಕ್ರದ ಚಾಲನೆ ಇರುವ ಟ್ರಕ್ಕು ತಾನೇ ಸುಮಾರು 3,450 ಕಿಲೋ ತೂಗುತ್ತದೆ. ಉಳಿಯುವುದು 1,100 ಕಿಲೋಗೂ ಕಡಿಮೆ. ಪೆಟ್ರೋಲಿನದಕ್ಕಿಂತ ಡೀಸೆಲ್ ಎಂಜಿನ್ ನೂರಾರು ಕಿಲೋ ಭಾರ. ಮಿತಿ ಮಾತ್ರ ಅಷ್ಟೇ. ಹಾಗಾಗಿ ಹೆಚ್ಚು ಎಳೆಯಲೆಂದು ಹೆಚ್ಚು ಹಣ ಕೊಟ್ಟು ಡೀಸೆಲ್ ಕೊಂಡವರ ಟ್ರಕ್ಕು, ಅದೇ ದರ್ಜೆಯ ಪೆಟ್ರೋಲ್ ಟ್ರಕ್ಕಿಗಿಂತ ಕಡಿಮೆ ಹೊರುವಂಥದ್ದಾಗಿರುತ್ತದೆ. ಮೇಲಿನ ಟ್ರೈಲರಿಗೆ ಇದು 550 ಕಿಲೋದಷ್ಟು ಸಾಲದು.

ಒಂದು ಟನ್ನಿನ ಟ್ರಕ್ಕಿನಲ್ಲಿ ಎಂಜಿನ್, ಕ್ಯಾಬ್ ಬಹುಮಟ್ಟಿಗೆ ಅವೇ. ಮಿತಿ 5,400 ಕಿಲೋ ಆಸುಪಾಸಿಗೆ ಏರುತ್ತದೆ, ಬೆಲೆ ಹೆಚ್ಚೇನೂ ಏರುವುದಿಲ್ಲ. ಖಾಲಿ ತೂಕ 3,550 ಕಿಲೋ ಎಂದರೂ 1,850 ಕಿಲೋ ಕೈಲಿ ಉಳಿಯುತ್ತದೆ. ಫಿಫ್ತ್ ವೀಲ್ ಎಳೆಯುವುದೇ ಉದ್ದೇಶವಾದರೆ ಮುಕ್ಕಾಲು ಟನ್ನಿನಲ್ಲಿ ನಿಲ್ಲಲು ಒಳ್ಳೆಯ ಕಾರಣ ಅಪರೂಪ. ಟ್ರೈಲರ್ 7 ಟನ್ ದಾಟಿದರೆ ಹಿಂದೆ ನಾಲ್ಕು ಟೈರುಗಳಿರುವ ಜೋಡಿ ಚಕ್ರದ ಟ್ರಕ್ಕು ಬೇಕಾಗುತ್ತದೆ. ಒಂಟಿ ಚಕ್ರದ ಟ್ರಕ್ಕಿನಲ್ಲಿ ಸಾಮಾನ್ಯವಾಗಿರುವ 18 ಅಂಗುಲದ ರಿಮ್ಮಿನ, 275 ಮಿಲಿಮೀಟರ್ ಅಗಲದ ಟೈರೊಂದು 80 ಪಿಎಸ್‌ಐ ಒತ್ತಡದಲ್ಲಿ ಹೊರುವುದು 1,651 ಕಿಲೋ. ಎರಡೂ ಸೇರಿ 3,302 ಕಿಲೋ, ಅದರ ಮೇಲೆ ಒಂದು ಕಿಲೋವೂ ಇಲ್ಲ. ಜೋಡಿ ಚಕ್ರ ಬಂದರೆ ಹೊರುವ ಶಕ್ತಿ ಹೆಚ್ಚುವುದಲ್ಲದೆ ಅಡ್ಡಗಾಳಿಯಲ್ಲಿ ಟ್ರಕ್ಕು ಓಲಾಡುವುದೂ ತಗ್ಗುತ್ತದೆ. ಹೆದ್ದಾರಿಯಲ್ಲಿ ಒಂದು ಟೈರು ಸಿಡಿದರೆ ಪಕ್ಕದ್ದು ನಿಂತು ಹಿಡಿಯುತ್ತದೆ. ಪೇಟೆಯ ಪಾರ್ಕಿಂಗಿನಲ್ಲಿ ಮಾತ್ರ ಆ ಅಗಲ ನಿಜಕ್ಕೂ ತೊಡಕು.

ಮಿತಿ ಮೀರಿದಾಗ ಹಿಂದಿನ ಸ್ಪ್ರಿಂಗಿನ ಪಕ್ಕಕ್ಕೆ ಗಾಳಿಚೀಲ ಜೋಡಿಸುವ ಪದ್ಧತಿಯುಂಟು. ಕುಸಿದ ಹಿಂಭಾಗ ಅದರಿಂದ ಮಟ್ಟಕ್ಕೆ ಬರುತ್ತದೆ, ನೋಡಲು ಎಲ್ಲವೂ ಸರಿಯಾಗುತ್ತದೆ. ಆದರೆ ಆಕ್ಸಲ್, ಬೇರಿಂಗ್, ರಿಮ್, ಟೈರು, ಬ್ರೇಕು ಮೊದಲಿನವೇ. ಬಾಗಿಲ ಚೀಟಿಯ ಅಂಕಿ ಇದರಿಂದ ಒಂದು ಪೌಂಡಿನಷ್ಟೂ ಬದಲಾಗುವುದಿಲ್ಲ.

ಹೊರುವ ಲೆಕ್ಕ ಕೂಡಿಬಂದ ಮೇಲೆ ಎಂಜಿನ್ನಿನ ಮಾತು. ಬಯಲಿನಲ್ಲಿ ಇಂದಿನ ಯಾವ ಎಂಜಿನ್ನೂ ಏದುಸಿರು ಬಿಡುವುದಿಲ್ಲ. ವ್ಯತ್ಯಾಸ ಕಾಣುವುದು ಬೆಟ್ಟದಲ್ಲಿ. ಕೊಲರಾಡೋದ ಐ-70 ಹೆದ್ದಾರಿ ರಾಕಿ ಪರ್ವತವನ್ನು ದಾಟುವ ಐಸೆನ್‌ಹೋವರ್ ಸುರಂಗ 3,401 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಏರುವ ದಾರಿಯ ಕಡಿದಾದ ಭಾಗ 7 ಪ್ರತಿಶತ. ಟ್ರಕ್ಕು, ಟ್ರೈಲರ್ ಎರಡೂ ಸೇರಿ 10 ಟನ್ ಇರುವ ಜೋಡಿ ಅದನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಏರಲು ಗುರುತ್ವದ ವಿರುದ್ಧವೇ 150 ಕಿಲೋವಾಟಿಗೂ ಹೆಚ್ಚು ಶಕ್ತಿ ಬೇಕು. ಗಾಳಿಯ ತಡೆ, ಟೈರುಗಳ ಉರುಳು ತಡೆ ಸೇರಿಸಿದರೆ ಚಕ್ರದ ಬಳಿ ಸುಮಾರು 275 ಅಶ್ವಶಕ್ತಿ. ಗೇರು, ಆಕ್ಸಲ್‌ಗಳಲ್ಲಿ ಸೋರಿಹೋಗುವುದನ್ನು ಹಿಡಿದರೆ ಎಂಜಿನ್ನಿನಲ್ಲಿ 320ರಷ್ಟು.

ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪ್ರತಿಶತ ಶಕ್ತಿ ಕಳೆದುಕೊಳ್ಳುತ್ತದೆ, ಏಕೆಂದರೆ ತೆಳುವಾದ ಗಾಳಿಯಲ್ಲಿ ಸಿಲಿಂಡರಿಗೆ ಸಿಗುವ ಆಮ್ಲಜನಕವೇ ಕಡಿಮೆ. ಫೋರ್ಡಿನ 7.3 ಲೀಟರ್ ಪೆಟ್ರೋಲ್ ಎಂಜಿನ್ ಸಮುದ್ರಮಟ್ಟದಲ್ಲಿ 430 ಅಶ್ವಶಕ್ತಿ ಕೊಡುತ್ತದೆ. ಸುರಂಗದ ಬಾಯಲ್ಲಿ ಅದು 290ಕ್ಕೆ ಇಳಿಯುತ್ತದೆ. ಅಂದರೆ ಗೇರು ಇಳಿಸಿ, ಎಂಜಿನ್ ಕೂಗಿಸಿ, ವೇಗ ಬಿಟ್ಟುಕೊಟ್ಟು ಬಲಗಡೆಯ ಸಾಲಿನಲ್ಲಿ ಹತ್ತಬೇಕು. ಹತ್ತುವುದಂತೂ ಹೌದು, ಅಪಾಯವೂ ಇಲ್ಲ. ಟರ್ಬೋ ಡೀಸೆಲ್ ತೆಳುವಾದ ಗಾಳಿಯನ್ನು ಅದುಮಿ ಒಳಗೆ ನೂಕುವುದರಿಂದ ಈ ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಜೊತೆಗೆ ಅದರ ತಿರುಚು ಬಲ ಕಡಿಮೆ ಸುತ್ತುಗಳಲ್ಲೇ ಸಿಗುತ್ತದೆ. ರ‍್ಯಾಮ್ ಟ್ರಕ್ಕಿನ ಕಮಿನ್ಸ್ 6.7 ಲೀಟರ್ ಎಂಜಿನ್ 2019ರಲ್ಲಿ ಈ ದರ್ಜೆಯಲ್ಲಿ ಮೊದಲ ಬಾರಿಗೆ 1,000 ಪೌಂಡ್-ಅಡಿ ಮುಟ್ಟಿತು. ಫೋರ್ಡಿನ ಹೆಚ್ಚು ಶಕ್ತಿಯ ಡೀಸೆಲ್ ಈಗ 500 ಅಶ್ವಶಕ್ತಿ, 1,200 ಪೌಂಡ್-ಅಡಿ ಕೊಡುತ್ತದೆ. ಡೀಸೆಲ್ ಆಯ್ಕೆಗೆ ಹತ್ತು ಸಾವಿರ ಡಾಲರಿನ ಆಸುಪಾಸು ಹೆಚ್ಚು ತೆರಬೇಕು, ನಿರ್ವಹಣೆಯೂ ದುಬಾರಿ. ವರ್ಷಕ್ಕೆರಡು ಬಾರಿ ಬಯಲಿನ ಕೆರೆದಂಡೆಗೆ ಹೋಗಿಬರುವವರಿಗೆ ಅದು ವ್ಯರ್ಥ ಖರ್ಚು. ಪಶ್ಚಿಮದ ಪರ್ವತಗಳಲ್ಲಿ ತಿಂಗಳುಗಟ್ಟಲೆ ತಿರುಗುವವರಿಗೆ ಅಲ್ಲ.

ಎಂಜಿನ್ನಿನ ಜೊತೆಗೆ ಆಕ್ಸಲ್ಲಿನ ಗೇರ್ ಅನುಪಾತವನ್ನೂ ಕೇಳಿ ತಿಳಿಯಬೇಕು. ಚಕ್ರ ಒಂದು ಸುತ್ತು ಬರಲು ಶಾಫ್ಟು ಎಷ್ಟು ಸುತ್ತು ತಿರುಗಬೇಕು ಎಂಬುದೇ ಈ ಸಂಖ್ಯೆ. 3.31 ಇದ್ದರೆ ಖಾಲಿ ಓಡುವಾಗ ಇಂಧನ ಉಳಿತಾಯ, 4.10 ಇದ್ದರೆ ಎಳೆಯಲು ಬಲ. ಹತ್ತು ಗೇರುಗಳ ಪೆಟ್ಟಿಗೆ ಬಂದ ಮೇಲೆ ಈ ಆಯ್ಕೆ ಮೊದಲಿನಷ್ಟು ನಿರ್ಣಾಯಕವಲ್ಲ.

ಏರುವುದಕ್ಕಿಂತ ಇಳಿಯುವುದೇ ಗಂಭೀರ. ಏರಿನಲ್ಲಿ ಶಕ್ತಿ ಸಾಲದಿದ್ದರೆ ತಡವಾಗುತ್ತದೆ, ಅಷ್ಟೇ. ಇಳಿಜಾರಿನಲ್ಲಿ ತಡೆ ಸಾಲದಿದ್ದರೆ ಜೀವ ಹೋಗುತ್ತದೆ. ಅದೇ ಸುರಂಗದಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಊರಿಗೆ ಇಳಿಯುವಾಗ 10 ಟನ್ನಿನ ಜೋಡಿ ಸುಮಾರು 650 ಮೀಟರ್ ಕೆಳಗಿಳಿಯುತ್ತದೆ. ಆಗ ಬಿಡುಗಡೆಯಾಗುವ ಶಕ್ತಿ 64 ಮೆಗಾಜೂಲ್. 190 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಬಿಂದುವಿಗೆ ಏರಿಸಲು ಅದು ಸಾಕು. ಗಾಳಿ ಮತ್ತು ಟೈರುಗಳು ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಉಳಿದದ್ದನ್ನು ಬ್ರೇಕುಗಳೇ ಹೀರಬೇಕಾದರೆ ಲೈನಿಂಗು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕು ತಪ್ಪಿದ ಲಾರಿಗಳು ನುಗ್ಗಿ ನಿಲ್ಲಲೆಂದೇ ಆ ಇಳಿಜಾರಿನ ಪಕ್ಕದಲ್ಲಿ ಏರುಮುಖದ ಜಲ್ಲಿ ದಾರಿಗಳನ್ನು ಮಾಡಿದ್ದಾರೆ. ಡೀಸೆಲ್ ಟ್ರಕ್ಕಿನ ಎಕ್ಸಾಸ್ಟ್ ಬ್ರೇಕು ಹೊಗೆಯ ದಾರಿಯನ್ನು ಇರುಕಿಸಿ, ಎಂಜಿನ್ನನ್ನೇ ಗಾಳಿ ಅದುಮುವ ಪಂಪಾಗಿಸಿ ವೇಗವನ್ನು ಹಿಡಿದಿಡುತ್ತದೆ; ಕಾಲು ಬ್ರೇಕಿನ ಮೇಲೆ ಹೋಗುವ ಪ್ರಸಂಗವೇ ಕಡಿಮೆ. ಡೀಸೆಲ್ಲಿಗೆ ಕೊಡುವ ಹೆಚ್ಚಿನ ಹಣಕ್ಕೆ ಇದೇ ಬಲವಾದ ಸಮರ್ಥನೆ. ಪೆಟ್ರೋಲ್ ಎಂಜಿನ್ನಿನಲ್ಲೂ ಗೇರು ಇಳಿಸಿದರೆ ಎಂಜಿನ್ ತಡೆ ಸಿಗುತ್ತದೆ, ಆದರೆ ಅಷ್ಟಿಲ್ಲ. ಟ್ರೈಲರಿನ ವಿದ್ಯುತ್ ಬ್ರೇಕುಗಳನ್ನು ಟ್ರಕ್ಕಿನ ಡ್ಯಾಶ್‌ಬೋರ್ಡಿನಿಂದಲೇ ನಡೆಸುವ ನಿಯಂತ್ರಕ ಕಾರ್ಖಾನೆಯಿಂದಲೇ ಬಂದಿದ್ದರೆ ಒಳ್ಳೆಯದು. ಬೆಡ್ಡಿನೊಳಗೆ ಏಳು ಪಿನ್ನಿನ ವಿದ್ಯುತ್ ಜೋಡಣೆಯೂ ಇರಬೇಕು.

ಮುಂದಿನ ಪ್ರಶ್ನೆ ಬೆಡ್ಡಿನ ಉದ್ದ. ಇದು ಶುದ್ಧ ರೇಖಾಗಣಿತ. ಟ್ರೈಲರಿನ ಅಗಲ 2.59 ಮೀಟರ್ ವರೆಗೂ ಇರುವುದರಿಂದ ಕಿಂಗ್‌ಪಿನ್ನಿನಿಂದ ಅದರ ಪಕ್ಕದ ಗೋಡೆಗೆ 1.3 ಮೀಟರಿನಷ್ಟು ದೂರ. 8 ಅಡಿ ಬೆಡ್ಡಿನ ಟ್ರಕ್ಕಿನಲ್ಲಿ ಹಿಂದಿನ ಆಕ್ಸಲ್ಲಿನಿಂದ ಕ್ಯಾಬಿನ ಹಿಂಗೋಡೆಗೆ ಸುಮಾರು 1.4 ಮೀಟರ್ ಇರುತ್ತದೆ. ಟ್ರೈಲರ್ ಪೂರ್ತಿ ಅಡ್ಡ ತಿರುಗಿದರೂ ಗೋಡೆ ತಾಕದು. ಆರೂವರೆ ಅಡಿ ಬೆಡ್ಡಿನಲ್ಲಿ ಈ ದೂರ ಒಂದು ಮೀಟರಿನಷ್ಟು ಮಾತ್ರ. ಇಕ್ಕಟ್ಟಾದ ಕ್ಯಾಂಪಿನಲ್ಲಿ ಹಿಮ್ಮುಖವಾಗಿ ತಿರುಗಿಸುವಾಗ ಟ್ರೈಲರಿನ ಮೂಲೆ ಕ್ಯಾಬಿನ ಹಿಂಗಾಜನ್ನು ಒಡೆಯುವುದು ಇದರಿಂದಲೇ. ಅರ್ಧ ತಿರುವಿನಲ್ಲಿ ಮೂಲೆ ಇನ್ನೂ ಮುಂದೆ ಚಾಚುವುದರಿಂದ ತಯಾರಕರು ಮೂತಿಯ ಮೂಲೆಗಳನ್ನು ಗುಂಡಗೆ ಮಾಡುತ್ತಾರೆ. ಗಿಡ್ಡ ಬೆಡ್ಡಿಗೆ ಹಿಂದಕ್ಕೆ ಜಾರುವ ಹಿಚ್ ಸಿಗುತ್ತದೆ, ಆದರೆ ಅದು ಭಾರ ಮತ್ತು ದುಬಾರಿ, ಹೊರುವ ಮಿತಿಯಿಂದ ಅಷ್ಟನ್ನು ತಿನ್ನುತ್ತದೆ. ಉದ್ದ ಬೆಡ್ಡು ಸಿಗುವಾಗ ಗಿಡ್ಡದ್ದನ್ನು ಆರಿಸುವವರು ಈ ಲೆಕ್ಕವನ್ನು ತಿಳಿದೇ ಆರಿಸಬೇಕು. ಐದೂವರೆ ಅಡಿಯ ಬೆಡ್ಡನ್ನು ಈ ಕೆಲಸಕ್ಕೆ ಬಿಟ್ಟುಬಿಡುವುದೇ ಲೇಸು.

ಎತ್ತರವನ್ನೂ ನೋಡಬೇಕು. ಇಂದಿನ ನಾಲ್ಕು ಚಕ್ರ ಚಾಲನೆಯ ಟ್ರಕ್ಕುಗಳು ಎತ್ತರ. ಬೆಡ್ಡಿನ ಪಕ್ಕದ ಅಂಚಿಗೂ ಟ್ರೈಲರಿನ ತಳಕ್ಕೂ ನಡುವೆ 14, 15 ಸೆಂಟಿಮೀಟರಾದರೂ ಅಂತರ ಉಳಿಯದಿದ್ದರೆ ಗುಂಡಿ ಇಳಿದಾಗ ಎರಡೂ ಬಡಿದುಕೊಳ್ಳುತ್ತವೆ. ಅಂತರ ಹೆಚ್ಚಿಸಲು ಹಿಚ್ಚನ್ನು ತೀರ ಏರಿಸಿದರೆ ಟ್ರೈಲರ್ ಮೂತಿ ಎತ್ತಿ, ಭಾರವೆಲ್ಲ ಅದರ ಹಿಂದಿನ ಆಕ್ಸಲ್ಲಿಗೆ ಸರಿಯುತ್ತದೆ. ಟ್ರೈಲರ್ ಮಟ್ಟವಾಗಿ ನಿಲ್ಲಬೇಕು.

ಪರವಾನಗಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 15,000 ಪೌಂಡ್ ದಾಟಿದ ಫಿಫ್ತ್ ವೀಲ್ ಎಳೆಯಲು ಸಾಮಾನ್ಯ ಲೈಸೆನ್ಸ್ ಸಾಲದು. ವಾಣಿಜ್ಯೇತರ ಎ ದರ್ಜೆಯದು ಬೇಕು. ಟ್ರೈಲರ್ ಆರಿಸುವ ಹಂತದಲ್ಲೇ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ಎಲ್ಲ ಅಂದಾಜುಗಳನ್ನೂ ಪರೀಕ್ಷಿಸುವ ಜಾಗ ವೇಬ್ರಿಡ್ಜ್. ಅಮೆರಿಕದ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್‌ಗಳು ಸಾಮಾನ್ಯ. ಅಲ್ಪ ಶುಲ್ಕಕ್ಕೆ ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರಿನ ಆಕ್ಸಲ್‌ಗಳು ಮೂರನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತವೆ. ನೀರು, ಸಾಮಾನು, ಜನ ಸಮೇತ ಒಮ್ಮೆ ತೂಗಿಸಿ, ಟ್ರೈಲರ್ ಬಿಚ್ಚಿಟ್ಟು ಟ್ರಕ್ಕನ್ನಷ್ಟೇ ಮತ್ತೊಮ್ಮೆ ತೂಗಿಸಬೇಕು. ಮೊದಲ ಚೀಟಿಯಲ್ಲಿನ ಟ್ರಕ್ಕಿನ ಎರಡು ಆಕ್ಸಲ್‌ಗಳ ಮೊತ್ತದಿಂದ ಎರಡನೆಯದರ ಮೊತ್ತವನ್ನು ಕಳೆದರೆ ಸಿಗುವುದು ಕಿಂಗ್‌ಪಿನ್ನಿನ ನಿಜವಾದ ಭಾರ. ಅದು ಟ್ರೈಲರ್ ತೂಕದ 15 ಪ್ರತಿಶತಕ್ಕಿಂತ ಕಡಿಮೆ ಬಂದರೆ ಸಾಮಾನನ್ನು ಮುಂದಕ್ಕೆ ಸರಿಸಬೇಕು. ಟ್ರಕ್ಕಿನ ಹಿಂದಿನ ಆಕ್ಸಲ್ ಬಾಗಿಲ ಚೀಟಿಯ ಮಿತಿ ದಾಟಿದ್ದರೆ ಬೆಡ್ಡಿನ ಸಾಮಾನು ಇಳಿಸಬೇಕು. ನೀರಿನ ತೊಟ್ಟಿ ಟ್ರೈಲರಿನ ಮುಂಭಾಗದಲ್ಲಿದ್ದರೆ ಅದನ್ನೂ ಖಾಲಿ ಮಾಡಿ ಹೊರಡಬಹುದು. ಇಷ್ಟಾದರೂ ಮಿತಿಯೊಳಗೆ ಬಾರದಿದ್ದರೆ ಉಳಿಯುವ ದಾರಿ ಎರಡೇ: ಹಗುರ ಟ್ರೈಲರ್, ಇಲ್ಲವೇ ಮುಂದಿನ ದರ್ಜೆಯ ಟ್ರಕ್ಕು.